ಒಂದು ಅಕ್ಕಿಕಾಳಿನ ಸಂದು

ಮೋಟಾರಿನ ಬಾಗಿಲ ಮೇಲಿನ ಹಿತ್ತಾಳೆ ಪಟ್ಟಿ ಅಲೆ ಎದ್ದಿದ್ದರೆ ಅದನ್ನು ಹೆಬ್ಬೆರಳಿನಿಂದ ಒತ್ತಬೇಡಿ. ಮೊದಲು ಎಲ್ಲರೂ ಮಾಡುವುದು ಅದೇ. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ, ಅಲ್ಲಿ ಒತ್ತಿದರೆ ಆಚೆ ಏಳುತ್ತದೆ. ಕೊನೆಗೆ ಸಿಟ್ಟು ಬಂದು ಸುತ್ತಿಗೆ ತಂದು ಬಾಗಿಲಿನ ಮೇಲೇ ಇಟ್ಟು ಕುಟ್ಟುತ್ತೀರಿ, ತಗಡು ತಗ್ಗು ಬೀಳುತ್ತದೆ. ಆಮೇಲೆ ನನ್ನಂಥವನ ಹತ್ತಿರ ಬರುತ್ತೀರಿ. ಕಡೂರಿನ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಷೆಡ್ಡಿಗೆ ಹಾಗೆ ಬಂದ ಬಾಗಿಲುಗಳಿಗೆ ಲೆಕ್ಕವಿಲ್ಲ. ಎಲ್ಲವನ್ನೂ ಸರಿಮಾಡಿ ಕಳಿಸಿದ್ದೇನೆ. ಪಟ್ಟಿ ಕೆಲಸ ಅಂದರೆ ಅವನದೇ ಅನ್ನುವ ಮಾತು ಇವತ್ತಿಗೂ ತರೀಕೆರೆಯಿಂದ ಅಜ್ಜಂಪುರದವರೆಗೆ ಇದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಬಾಯಿ ಕಹಿಯಾಗುತ್ತದೆ. ಆ ಕೆಲಸ ನನ್ನದಲ್ಲ, ನನ್ನ ಅಣ್ಣನದು.

ನಾವು ಅಜ್ಜಂಪುರದ ಕಂಚುಗಾರರು. ಅಪ್ಪ ಬೇಗ ಹೋದ. ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು; ಅಪ್ಪನ ಕಬ್ಬಿಣದ ಅಡಿಗಲ್ಲಿನ ಮುಂದೆ ಕೂತು ಬಿಂದಿಗೆ, ಚೊಂಬು, ಗಂಗಾಳ ಬಡಿದು ಮನೆ ನಡೆಸಿದ. ನನಗೆ ತಿದಿ ಒತ್ತುವುದು ಬೇಸರ. ಮೀಸೆ ಬರುವ ಮೊದಲೇ ಮನೆ ಬಿಟ್ಟೆ. ಗಾಡಿ ಅಚ್ಚು ಮಾರಿದೆ, ಸೀಮೆಎಣ್ಣೆ ಡಬ್ಬ ಮಾರಿದೆ, ಒಬ್ಬ ಡ್ರೈವರನ ಹಿಂದೆ ಬಿದ್ದು ಇಂಜಿನ್ನಿನ ಹೊಟ್ಟೆಯೊಳಗೆ ಏನಿದೆ ಅಂತ ಕಲಿತೆ. ಯಾರ ಹಂಗೂ ಇಲ್ಲದೆ ಕಡೂರಿನಲ್ಲಿ ತಗಡಿನ ಷೆಡ್ಡು ಹಾಕಿದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಆ ಸೀಮೆಯಲ್ಲಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮಾತಿನಲ್ಲಿ ಯಾವಾಗಲೂ ಗೆಲ್ಲುವವನಿಗೆ ಎಲ್ಲಿ ಸೋಲಬೇಕು ಅನ್ನುವುದು ತಿಳಿಯುವುದಿಲ್ಲ. ಮುಂದಿನ ಕಥೆಯೆಲ್ಲ ಅದೇ.

ಆ ಕಾಲಕ್ಕೆ ಅಲ್ಯೂಮಿನಿಯಂ ಪಾತ್ರೆ ಸಂತೆಗೆ ಬಂತು. ಹಗುರ, ಅಗ್ಗ, ಕಲಾಯಿ ಬೇಡ. ಹೆಂಗಸರು ಅದನ್ನೇ ಕೊಂಡರು, ಅವರ ತಪ್ಪೇನೂ ಇಲ್ಲ. ಅಣ್ಣನ ಮನೆಯ ಮುಂದೆ ಹಳೇ ಪಾತ್ರೆಯ ತೂತು ಮುಚ್ಚಿಸುವವರು ಮಾತ್ರ ಉಳಿದರು. ಬೀರೂರಿನ ಗುಜರಿ ವ್ಯಾಪಾರಿ ಎರಡು ಸಲ ಬಂದು ಅಡಿಗಲ್ಲನ್ನು ಕಣ್ಣಲ್ಲೇ ತೂಗಿ ಹೋಗಿದ್ದ.

ಅಷ್ಟರಲ್ಲಿ ಯಗಟಿಯ ಕಡೆಯ ಗೌಡರೊಬ್ಬರು ಮೋಟಾರು ಕೊಂಡರು. ತೆಂಗಿನ ತೋಟ, ಹೊಲ, ಕುರಿಮಂದೆ ಎಲ್ಲ ಇದ್ದ ಮನೆ. ಗಿರಿಯ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಗಾಡಿ ಅದು. ಕಪ್ಪು ಬಣ್ಣ, ಮೇಲೆ ಬಟ್ಟೆಯ ಮುಸುಕು. ಮರದ ಚೌಕಟ್ಟಿಗೆ ತಗಡು ಹೊಡೆದ ಬಾಗಿಲು. ಬಾಗಿಲಿನ ನಡುವೆ ಉದ್ದಕ್ಕೂ ಎರಡು ಬೆರಳಗಲದ ಹಿತ್ತಾಳೆ ಪಟ್ಟಿ, ಎರಡು ತುದಿಗೂ ಹಿತ್ತಾಳೆಯದೇ ಒಂದೊಂದು ಹೂವು. ಗೌಡರಿಗೆ ಇಂಜಿನ್ನಿಗಿಂತ ಆ ಪಟ್ಟಿಯ ಮೇಲೆ ಪ್ರೀತಿ.

ಮಹಾನವಮಿಗೆ ಎಂಟು ದಿನ ಇರುವಾಗ ಆ ಮೋಟಾರು ನನ್ನ ಷೆಡ್ಡಿಗೆ ಬಂತು. ಹಿಂದಿನ ಬಾಗಿಲ ಪಟ್ಟಿ ಹಾವು ಹರಿದ ಹಾಗೆ ಅಲೆ ಎದ್ದಿತ್ತು. ಬೆರಳಿಂದ ತಟ್ಟಿದರೆ ಜಾತ್ರೆಯ ಪೀಪಿಯ ಹಾಗೆ ಜರ್ ಅನ್ನುತ್ತಿತ್ತು. ಗೌಡರು ಷರತ್ತನ್ನು ಸ್ಪಷ್ಟವಾಗಿ ಹೇಳಿದರು. ಆಯುಧಪೂಜೆಯ ದಿನ ಕಡೂರಿನಲ್ಲೇ ಗಾಡಿಗೆ ಪೂಜೆ ಮಾಡಿಸಿ, ಅವತ್ತೇ ಮಧ್ಯಾಹ್ನ ತರೀಕೆರೆಯ ಹೊಸ ಬೀಗರ ಮನೆಗೆ ಅದರಲ್ಲಿ ಹೋಗಬೇಕು, ಆ ಹೊತ್ತಿಗೆ ಪಟ್ಟಿ ಗೆರೆ ಎಳೆದ ಹಾಗಿರಬೇಕು. ಇನ್ನೊಂದು ವಿಷಯವನ್ನೂ ಹೇಳಿದರು. ಕಡೂರು, ತರೀಕೆರೆ, ಅಜ್ಜಂಪುರಕ್ಕೆ ಮೋಟಾರ್ ಸರ್ವೀಸು ನಡೆಸಲು ಅವರು ಅಪ್ಪಣೆ ಪಡೆದಿದ್ದರು. ಮೂರು ಬಸ್ಸು ಕಟ್ಟಿಸಬೇಕು, ಹಿಡಿಕೆ, ಪಟ್ಟಿ, ಕಂಬಿ ಎಲ್ಲ ಹಿತ್ತಾಳೆಯಲ್ಲಿ. ಈ ಬಾಗಿಲು ಯಾರ ಕೈಯಲ್ಲಿ ನೆಟ್ಟಗಾಗುತ್ತದೋ ಆ ಕೆಲಸ ಅವರಿಗೆ, ಆಮೇಲೆ ಅದರ ಸಂಭಾಳಿಕೆಯೂ ಅವರಿಗೇ. ನಾನು ಆಗಲೇ ಬಾಯಿ ಹಾಕಿ, ಇಂಜಿನ್ ಕೆಲಸ ನನಗೆ ಇರಲಿ ಅಂತ ಗಂಟು ಹಾಕಿಕೊಂಡೆ. ಎಷ್ಟು ದಿನ ಬೇಕು ಅಂತ ಕೇಳಿದರು. ಕೈಯಲ್ಲಿ ಎಂಟು ದಿನ ಇದ್ದರೂ ನಾಲ್ಕು ಸಾಕು ಅಂದೆ. ಹೆಚ್ಚುಗಾರಿಕೆಗೆ ಹೇಳಿದ ಮಾತು ಅದು. ಕೆಲಸ ನೋಡದೆ ದಿನ ಹೇಳಬೇಡಿ. ನಾನು ಹೇಳಿದೆ, ಅದೂ ಬೇರೆಯವರ ಕೈಯ ದಿನ.

ಅಣ್ಣನನ್ನು ಕರೆಯಲು ನಾನೇ ಅಜ್ಜಂಪುರಕ್ಕೆ ಹೋದೆ. ಅವನು ವಿಷಯ ಕೇಳಿದವನೇ ಗೋಣಿಚೀಲಕ್ಕೆ ಸಾಮಾನು ತುಂಬಿದ. ಅತ್ತಿಗೆ ಬಾಗಿಲವರೆಗೂ ಬಂದಳು.

"ಇದೊಂದು ಕೈಗೆ ಹತ್ತಿದ್ರೆ ಅಡಿಗಲ್ಲು ಮನೇಲಿ ಉಳೀತದೆ ಕಣಪ್ಪಾ," ಅಂದಳು. "ನಿಮ್ಮಣ್ಣಂಗೆ ಮಾತು ಬರಲ್ಲ. ನೀನೇ ಆಡ್ಬೇಕು."

ಆಡುತ್ತೇನೆ ಅಂದೆ.

ಷೆಡ್ಡಿಗೆ ಬಂದವನೇ ಅಣ್ಣ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ಪಟ್ಟಿಯ ಹಿಂದೆ ಉಗುರು ತೂರಿಸಿ ಆ ಉಗುರನ್ನು ಮೂಸಿದ.

"ಇದರಲ್ಲಿ ಸಾರು ಮಾಡ್ತಿದ್ರೇನೋ?" ಅಂದ. "ಹುಣಸೆಹುಳಿ."

ಡ್ರೈವರನನ್ನು ವಿಚಾರಿಸಿದರೆ ನಿಜ ಹೊರಬಿತ್ತು. ಹಿತ್ತಾಳೆ ಅಂದಮೇಲೆ ನಮ್ಮ ಕಡೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜದೆ ಇರುವ ಮನೆ ಯಾವುದು? ಗೌಡರ ತಾಯಿ ಪ್ರತಿ ಸೋಮವಾರ ದೇವರ ಸಾಮಾನಿನ ಜೊತೆ ಮೋಟಾರನ್ನೂ ಉಜ್ಜಿಸುತ್ತಿದ್ದರು. ಪಟ್ಟಿ ಬಂಗಾರದ ಹಾಗೆ ಹೊಳೆಯುತ್ತಿತ್ತು, ಹುಳಿನೀರು ಹಿಂದಕ್ಕೆ ಇಳಿಯುತ್ತಿತ್ತು. ಚೊಂಬಿಗೆ ಹಿಂದುಮುಂದು ಇಲ್ಲ, ತೊಳೆದರೆ ಹೋಯಿತು. ಪಟ್ಟಿಯ ಹಿಂದೆ ಕಬ್ಬಿಣದ ಮೊಳೆ ಇದೆ, ಮರ ಇದೆ. ಅಣ್ಣ ಪಟ್ಟಿ ಬಿಚ್ಚಿದಾಗ ಮೊಳೆಗಳು ತುಕ್ಕು ತಿಂದು ಜೀರಿಗೆಯ ಹಾಗಾಗಿದ್ದವು. ಮರ ಉಗುರಿಗೆ ಕಿತ್ತುಬರುವಷ್ಟು ಮೆತ್ತಗಾಗಿತ್ತು. ಮೋಟಾರು ಇರುವವರಿಗೆ ನನ್ನ ಮಾತು ಇಷ್ಟೇ: ಒಣಬಟ್ಟೆಯಲ್ಲಿ ಒರೆಸಿ. ಹುಣಸೆಹಣ್ಣು ಅಡಿಗೆಮನೆಯಲ್ಲೇ ಇರಲಿ.

ನಾನು ಅಲೆ ತಟ್ಟಿ, ಹೊಸ ಮೊಳೆ ಹೊಡೆದು ಕಳಿಸೋಣ ಅಂದೆ. ಅಣ್ಣ ತಲೆಯಾಡಿಸಿದ. ಮರ ಒದ್ದೆ ಇದೆ, ಒದ್ದೆ ಮರಕ್ಕೆ ಹೊಡೆದ ಮೊಳೆ ಒಂದು ತಿಂಗಳೂ ನಿಲ್ಲುವುದಿಲ್ಲ ಅಂದ. ಬಾಗಿಲು ಕಳಚಿ ನೆರಳಿನಲ್ಲಿ ಮೂರು ದಿನ ಆರಲು ಬಿಟ್ಟ. ನನ್ನ ನಾಲ್ಕು ದಿನದಲ್ಲಿ ಮೂರು ಅಲ್ಲೇ ಹೋಯಿತು. ಆಮೇಲೆ ಹಳೇ ತೂತುಗಳಿಗೆಲ್ಲ ಬಿದಿರಿನ ಸೀಳು ಕೆತ್ತಿ, ಅರಗು ಸವರಿ ಬೆಣೆ ಹೊಡೆದ. ಪಟ್ಟಿಯನ್ನು ಇದ್ದಿಲ ಮೇಲೆ ನಸುಗೆಂಪಿಗೆ ಕಾಯಿಸಿ ಆರಿಸಿದ. ಹಾಗೆ ಮಾಡಿದರೆ ಹಿತ್ತಾಳೆ ಹಟ ಬಿಡುತ್ತದೆ. ಅದನ್ನು ಸಪಾಟಾದ ಹುಣಸೆಮರದ ದಿಮ್ಮಿಯ ಮೇಲೆ ಮಲಗಿಸಿ, ಮೇಲೆ ತೊಗಲು ಹಾಸಿ, ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ನಡುವಿನಿಂದ ತುದಿಯ ಕಡೆಗೆ ತಟ್ಟುತ್ತಾ ಹೋದ. ತಟ್ಟುವುದು ಅಂದರೆ ಹೊಡೆಯುವುದಲ್ಲ. ಮಗುವಿನ ಬೆನ್ನು ತಟ್ಟಿ ತೇಗು ಬರಿಸುವ ಹಾಗೆ. ಹೊರಗಿನಿಂದ ಕೇಳಿದರೆ ಕೆಲಸ ನಡೆಯುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾನು ಆಗಾಗ ಹೋಗಿ ಇನ್ನೂ ಎಷ್ಟು ಹೊತ್ತು ಅಂತ ಕೇಳುತ್ತಿದ್ದೆ. ಅವನು ತಲೆ ಎತ್ತುತ್ತಿರಲಿಲ್ಲ.

ಆರನೇ ದಿನ ಪಟ್ಟಿಯ ಮೊಳೆ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡತೊಡಗಿದ. ಗುಂಡಗಿದ್ದ ತೂತು ಕಣ್ಣಿನ ಆಕಾರಕ್ಕೆ ಬಂತು. ನಡುವಿನದೊಂದನ್ನು ಮಾತ್ರ ಹಾಗೇ ಬಿಟ್ಟ. ಯಾಕೆ ಇಷ್ಟೆಲ್ಲ ಅಂದೆ. ನಡುವಿನ ಮೊಳೆ ಬಿಗಿ, ಮಿಕ್ಕವು ಪಟ್ಟಿಯನ್ನು ಹಿಡಿದಿರಬೇಕು, ಕಟ್ಟಿಹಾಕಬಾರದು ಅಂದ. ಮೊಳೆಗಳೂ ಹಿತ್ತಾಳೆಯವೇ, ಅವನೇ ಕಂಬಿಯಿಂದ ಮಾಡಿದ್ದು. ಪಟ್ಟಿಯ ಬೆನ್ನಿಗೆ ಜೇನುಮೇಣ ಸವರಿ ಬಾಗಿಲಿಗೆ ಕೂರಿಸಿದ. ಕೊನೆಗೆ ಪಂಚೆಯ ಮಡಿಕೆಯಿಂದ ಎರಡು ಅಕ್ಕಿಕಾಳು ತೆಗೆದು, ಪಟ್ಟಿಯ ತುದಿಗೂ ಹೂವಿಗೂ ನಡುವೆ ಆ ಕಡೆ ಒಂದು, ಈ ಕಡೆ ಒಂದು ಅಡ್ಡಕ್ಕೆ ಇಟ್ಟು ಅಳತೆ ನೋಡಿದ. ಕಾಳು ಸರಿಯಾಗಿ ಕೂತಿತು. ತೆಗೆದು ಬಾಯಿಗೆ ಹಾಕಿಕೊಂಡ.

"ಬಿಸಿಲಲ್ಲಿ ಹಿತ್ತಾಳೆ ಬೆಳೀತದೆ ಕಣೋ," ಅಂದ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಬುದ್ಧಿ ಮನುಷ್ಯರಿಗೆ ಹೇಳ್ಬೇಕು. ಇದು ಕೇಳಲ್ಲ. ನಾವೇ ಜಾಗ ಬಿಡ್ಬೇಕು."

ದೇವಸ್ಥಾನದ ಬಾಗಿಲಿಗೆ ಹಿತ್ತಾಳೆ ಕವಚ ಕೂರಿಸುವಾಗ ಅಪ್ಪ ಅವನಿಗೆ ಕಲಿಸಿದ್ದಂತೆ. ನನಗೆ ಕಲಿಸಲು ಅಪ್ಪ ಇರಲಿಲ್ಲ, ಇದ್ದಾಗ ನಾನು ಕೂತಿರಲಿಲ್ಲ.

ಕೆಲಸ ಮುಗಿದದ್ದು ಏಳನೇ ದಿನ ಸಂಜೆ, ಪೂಜೆಗೆ ಒಂದೇ ದಿನ ಮುಂಚೆ. ಗೌಡರ ಮನೆಯ ಗುಮಾಸ್ತ ನೋಡಲು ಬಂದ. ಇವನ ಭಾವಮೈದುನನೊಬ್ಬ ಬೆಂಗಳೂರಿನಲ್ಲಿ ಗಾಡಿ ಕಟ್ಟುವ ಕೆಲಸದಲ್ಲಿದ್ದ, ಬಸ್ಸಿನ ಕೆಲಸ ಅವನಿಗೆ ಕೊಡಿಸಬೇಕು ಅಂತ ಇವನಿಗೆ ಒಳಾಸೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಮಾತಿಗೆ ಬಿದ್ದೆ. ಅವನು ಪಟ್ಟಿಯ ಮೇಲೆ ಕೈಯಾಡಿಸಿ ಹೊಗಳಿದ. ತುದಿಗೆ ಬಂದಾಗ ಸಂದಿಗೆ ಕಿರುಬೆರಳ ಉಗುರು ತೂರಿಸಿದ.

"ಇದೇನ್ರೀ, ಬಾಯಿ ಬಿಟ್ಕೊಂಡದೆ? ಅಳತೆ ತಪ್ಪಿ ಗಿಡ್ಡ ಕತ್ತರಿಸಿದ್ರೋ ಹೆಂಗೆ? ಗೌಡ್ರ ಕಣ್ಣು ಮೊದಲು ಬೀಳೋದೇ ಇಲ್ಲಿಗೆ."

ಅಣ್ಣ ಪೇಟೆಗೆ ಹೋಗಿದ್ದ. ಸಂದು ಯಾಕೆ ಬಿಟ್ಟಿದೆ ಅಂತ ನಾನೇ ಹೇಳಬಹುದಿತ್ತು, ಎರಡು ಮಾತಿನ ಕೆಲಸ. ಆದರೆ ನಾಲ್ಕು ದಿನ ಅಂತ ಹೇಳಿ ಏಳು ಮಾಡಿದ್ದೆ. ಇನ್ನೊಂದು ಸಮಜಾಯಿಷಿ ಹೇಳಲು ನಾಲಿಗೆ ಏಳಲಿಲ್ಲ. ಬೆಳಗಾಗುವುದರೊಳಗೆ ಇರುವುದಿಲ್ಲ ಬಿಡಿ ಅಂದುಬಿಟ್ಟೆ. ಅಣ್ಣ ಬಂದ ಮೇಲೆ ಹೇಳಿದೆ. ಅವನು ಆಗುವುದಿಲ್ಲ ಅಂದ. ಗುಮಾಸ್ತನಿಗೆ ತಾನೇ ಹೇಳುತ್ತೇನೆ, ಗೌಡರಿಗೂ ಹೇಳುತ್ತೇನೆ ಅಂದ. ನೀನು ಹೇಳಿದರೆ ಕೆಡುತ್ತದೆ, ಮಾತು ನನಗೆ ಬಿಡು ಅಂದೆ. ಅತ್ತಿಗೆಯೂ ಅದನ್ನೇ ಹೇಳಿದ್ದಳಲ್ಲ. ಅವನು ಬಿಟ್ಟ.

ಮಾರನೇ ದಿನ ಬೆಳಗಿನ ಚಳಿಯಲ್ಲಿ ಅವನು ಸ್ನಾನಕ್ಕೆ ಕೆರೆಗೆ ಹೋದ. ನಾನು ಅವನದೇ ಸುತ್ತಿಗೆ ತೆಗೆದುಕೊಂಡೆ. ಎರಡು ಸಂದಿಗೂ ಹಿತ್ತಾಳೆ ಚೂರು ಕತ್ತರಿಸಿ ತೂರಿಸಿದೆ. ತುದಿಯಲ್ಲಿ ಆ ಕಡೆ ಈ ಕಡೆ ಒಂದೊಂದು ಮೊಳೆ ಬಿಗಿಯಾಗಿ ಜಡಿದೆ. ಅರದಿಂದ ಸವರಿ ಒರೆಸಿದೆ. ಹೂವಿನಿಂದ ಹೂವಿಗೆ ಒಂದೇ ಗೆರೆ. ನಿಜ ಹೇಳುತ್ತೇನೆ, ಆ ಚಳಿಯಲ್ಲಿ ಅದು ಅಣ್ಣನ ಕೆಲಸಕ್ಕಿಂತ ಚೆಲುವಾಗಿ ಕಾಣುತ್ತಿತ್ತು.

ಆಮೇಲೆ ಹಲಗೆ ತೊಳೆದು ಆಯುಧಗಳನ್ನು ಜೋಡಿಸಿದೆ. ನನ್ನ ಸ್ಪ್ಯಾನರುಗಳು, ಇಕ್ಕಳ, ಜ್ಯಾಕು. ಅವುಗಳ ಪಕ್ಕ ಅಣ್ಣನ ಸುತ್ತಿಗೆ, ಕೊಡತಿ, ಅರ, ಉಳಿ. ಗೌಡರು ಮನೆಮಂದಿಯೊಂದಿಗೆ ಬಂದರು. ಮೋಟಾರಿಗೆ ಬಾಳೆಕಂದು ಕಟ್ಟಿದರು, ಚೆಂಡುಹೂವು ಹಾಕಿದರು. ಆಯುಧಗಳಿಗೆ ವಿಭೂತಿ, ಕುಂಕುಮ ಹಚ್ಚಿ ಮಂಗಳಾರತಿ ಆಯಿತು. ಬೂದುಗುಂಬಳ ಒಡೆದರು. ಗೌಡರು ಪಟ್ಟಿ ನೋಡಿ ನನ್ನ ಕಡೆ ತಿರುಗಿ ತಲೆ ತೂಗಿದರು. ನನಗೆ ಅಷ್ಟು ಸಾಕಾಗಿತ್ತು.

ಅಣ್ಣ ಮಂಗಳಾರತಿ ಕಣ್ಣಿಗೆ ಒತ್ತಿಕೊಂಡು, ಎಲ್ಲರೂ ಪ್ರಸಾದಕ್ಕೆ ಸರಿದ ಮೇಲೆ ಬಾಗಿಲ ಹತ್ತಿರ ಬಂದ. ಪಟ್ಟಿಯ ಉದ್ದಕ್ಕೂ ಹೆಬ್ಬೆರಳು ಓಡಿಸಿದ. ತುದಿಯಲ್ಲಿ ಬೆರಳು ನಿಂತಿತು. ಆ ಕಡೆಯ ತುದಿಗೂ ಹೋಗಿ ಮುಟ್ಟಿ ನೋಡಿ, ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದ.

"ಎರಡೂ ಕಡೆ ಕಟ್ಟಿದ್ದೀಯಲ್ಲೋ."

ಏನೂ ಆಗುವುದಿಲ್ಲ ಅಂದೆ.

"ಎರಡು ಮೊಳೆ ಕಿತ್ತುಬಿಡ್ತೀನಿ. ಎಲೆ ಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಆಗ್ತದೆ."

ಅವನ ಕೈ ಹಲಗೆಯ ಕಡೆ ಚಾಚಿತ್ತು. ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವುದಿಲ್ಲ. ಮಾರನೇ ದಿನ ವಿಜಯದಶಮಿಯ ಪೂಜೆ ಮುಗಿದ ಮೇಲೆ, ಕಾಯಿ ಒಡೆದು ಎತ್ತಬೇಕು. ಉಳುವವನು ನೇಗಿಲು ಮುಟ್ಟುವುದಿಲ್ಲ, ಕ್ಷೌರಿಕ ಕತ್ತಿ ಮುಟ್ಟುವುದಿಲ್ಲ. ಮೋಟಾರಿಗೆ ಮಾತ್ರ ಯಾಕೋ ಈ ನೇಮ ಇಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಅವತ್ತೇ ಓಡಿಸುತ್ತಾರೆ. ನಮ್ಮ ಹಿರಿಯರು ನೇಮ ಮಾಡುವಾಗ ಮೋಟಾರು ಇರಲಿಲ್ಲ ಅಂತ ಕಾಣುತ್ತದೆ. ಅಣ್ಣನಂತೂ ಹುಟ್ಟಿದಾಗಿನಿಂದ ಆ ದಿನ ಸುತ್ತಿಗೆ ಮುಟ್ಟಿದವನಲ್ಲ. ಆದರೂ ಅವತ್ತು ಮುಟ್ಟುತ್ತಿದ್ದ. ನಾನು ಅವನ ಕೈಗೆ ಅಡ್ಡ ನಿಂತೆ.

"ಪೂಜೆಗಿಟ್ಟದ್ದು ಕಣಣ್ಣಾ. ಇಷ್ಟು ಜನದ ಮುಂದೆ ಎತ್ತಿದ್ರೆ ಗೌಡ್ರು ಏನಂತಾರೆ?"

"ನೀನು ಬೆಳಿಗ್ಗೆ ಎತ್ತಿದ್ದೆಯಲ್ಲ."

"ಅದು ಪೂಜೆಗೆ ಮುಂಚೆ."

ವಕೀಲನೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತು ಸುತ್ತಿಗೆಯ ಮೇಲಿನ ಕುಂಕುಮವನ್ನೇ ನೋಡಿದ. ಆಮೇಲೆ, ಹಾಗಾದರೆ ಮೋಟಾರನ್ನು ಬಿಸಿಲಲ್ಲಿ ನಿಲ್ಲಿಸಬೇಡಿ ಅಂತಾದರೂ ಹೇಳು ಅಂದ. ಹೇಳುತ್ತೇನೆ ಅಂದೆ. ಹೇಳಲಿಲ್ಲ. ಹೇಳಿದರೆ ಯಾಕೆ ಅಂತ ಕೇಳುತ್ತಾರಲ್ಲ.

ತರೀಕೆರೆಗೆ ನಾನೂ ಹೋದೆ, ಡ್ರೈವರನ ಪಕ್ಕ. ಹಿಂದೆ ಗೌಡರು, ಗೌಡತಿ, ಗುಮಾಸ್ತ. ಬೀರೂರು ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಆಶ್ವೀಜದ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಕಂಬಳಿ ಬೇಕು, ಮಧ್ಯಾಹ್ನ ಕೊಡೆ ಬೇಕು. ಕಪ್ಪು ಬಾಗಿಲ ಮೇಲೆ ಕೈ ಇಟ್ಟು ನೋಡಿದೆ, ಇಡಲಾಗಲಿಲ್ಲ. ಬೀಗರ ಮನೆಯ ಎದುರು ದೊಡ್ಡ ಹೊಂಗೆಮರದ ನೆರಳಿತ್ತು. ಡ್ರೈವರ್ ಅಲ್ಲಿಗೆ ತಿರುಗಿಸಿದ. ಗೌಡರು ಬೇಡ, ಬೀದಿಯ ನಡುವೆ ನಿಲ್ಲಿಸು, ನಾಲ್ಕು ಜನ ನೋಡಲಿ ಅಂದರು. ಆಗಲೂ ನಾನು ಬಾಯಿ ತೆರೆಯಲಿಲ್ಲ.

ಒಳಗೆ ಪಾನಕ ಕುಡಿದು, ಕುಶಲ ಮಾತಾಡಿ, ಬೀಗರು ಬೀಗಿತ್ತಿಯರೆಲ್ಲ ಮೋಟಾರು ನೋಡಲು ಬೀದಿಗೆ ಬಂದರು. ಅಷ್ಟು ಹೊತ್ತು ಅದು ಉರಿಬಿಸಿಲಲ್ಲಿ ನಿಂತಿತ್ತು. ಬೀಗಿತ್ತಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾಗಿಲ ಹತ್ತಿರ ಬಗ್ಗಿದರು. ಒಳಗೆಲ್ಲೋ ಟಿಕ್ ಅಂತು. ಕಡಲೆ ಹುರಿಯುವಾಗ ಮೊದಲನೇ ಕಾಳು ಸಿಡಿಯುವಂಥ ಸದ್ದು. ತುದಿಯ ಮೊಳೆ ಹಾರಿತ್ತು. ನಾನು ನೋಡುತ್ತಿದ್ದಂತೆಯೇ ಪಟ್ಟಿ ಮೂರು ಕಡೆ ಉಬ್ಬಿ, ಬಿಟ್ಟ ತುದಿ ಕುಡುಗೋಲಿನ ಹಾಗೆ ಆಚೆಗೆ ನಿಂತಿತು. ಬೀಗಿತ್ತಿ ಬೆಚ್ಚಿ ಹಿಂದೆ ಸರಿದರು. ಸೆರಗು ಆ ತುದಿಗೆ ಸಿಕ್ಕಿತ್ತು. ರೇಷ್ಮೆ ಹರಿಯುವ ಸದ್ದು ಬೀದಿಗೆಲ್ಲ ಕೇಳಿತು.

ಬೀಗರು ಮೀಸೆಯಲ್ಲೇ ನಕ್ಕರು. "ಏನ್ ಬೀಗರೇ, ಸಂಬಂಧ ಮಾಡಿ ಇನ್ನೂ ಆರು ತಿಂಗಳಾಗಿಲ್ಲ, ನಿಮ್ಮ ಮೋಟಾರು ಆಗಲೇ ನಮ್ಮನೆ ಹೆಂಗಸ್ರ ಸೆರಗಿಗೆ ಕೈ ಹಾಕ್ತದಲ್ಲ."

ಬೀದಿಯೆಲ್ಲ ನಕ್ಕಿತು. ಗೌಡರೂ ನಕ್ಕರು, ಕಿವಿ ಮಾತ್ರ ಕೆಂಡವಾಗಿತ್ತು. ನಾನು ಪಟ್ಟಿಯನ್ನು ಬಾಳೆನಾರಿನಲ್ಲಿ ಬಿಗಿದು ಕಟ್ಟಿದೆ. ಲಿಂಗದಹಳ್ಳಿಯ ನೆಂಟರ ಮನೆಗೂ ಹೋಗುವುದಿತ್ತು, ಅದು ನಿಂತಿತು. ಗಾಡಿ ಕಡೂರಿಗೆ ತಿರುಗಿತು. ಆ ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಗೌಡರು ಕೇಳಿಯೇ ಕೇಳುತ್ತಾರೆ. ಮೊಳೆ ಹೊಡೆದವನು ನಾನು ಅಂದರೆ ಇಂಜಿನ್ ಕೆಲಸ ಹೋಗುತ್ತದೆ. ಆದರೆ ಪಟ್ಟಿಯ ಕೆಲಸ ಸರಿಯಾಗಿತ್ತು, ಕೆಡಿಸಿದ್ದು ತಮ್ಮ ಅಂತ ಅಣ್ಣನಿಗೆ ಬಸ್ಸು ಸಿಕ್ಕೀತು. ಅಣ್ಣ ಅಂದರೆ ಅವನದು ಹೋಗುತ್ತದೆ, ನನ್ನದು ಉಳಿಯುತ್ತದೆ. ಎರಡೂ ಉಳಿಯುವ ದಾರಿ ಇಲ್ಲ.

ಷೆಡ್ಡಿನ ಮುಂದೆ ಅಣ್ಣ ಜಗಲಿಯ ಮೇಲೆ ಕೂತಿದ್ದ. ಬಾಳೆನಾರು ನೋಡಿದೊಡನೆ ಎದ್ದು ನಿಂತ. ಗೌಡರು ಇಳಿದು ಬಂದರು.

"ಈ ತುದಿ ಮೊಳೆ ಹೊಡೆದೋರು ಯಾರಪ್ಪಾ?"

ಗುಮಾಸ್ತನಿಗೆ ಗೊತ್ತಿತ್ತು. ಅವನು ಬೇವಿನಮರದ ಕಡೆ ನೋಡುತ್ತಾ ನಿಂತ.

"ನಮ್ಮಣ್ಣನ ಕೈಕೆಲಸ, ಗೌಡ್ರೇ," ಅಂದೆ. "ಪಾತ್ರೆ ಬಡಿಯೋನು. ಮೋಟಾರು ಅವನಿಗೆ ಹೊಸದು."

ಗೌಡರು ಅಣ್ಣನನ್ನು ನೋಡಿದರು. ಅಣ್ಣ ನನ್ನನ್ನು ನೋಡಿದ. ಅವನು ಬಾಯಿ ತೆರೆಯುತ್ತಾನೆ ಅಂತ ಕಾದೆ. ತೆರೆದರೆ ಏನು ಉತ್ತರ ಕೊಡಬೇಕು ಅನ್ನುವುದೂ ನನ್ನ ಹತ್ತಿರ ಸಿದ್ಧವಿತ್ತು. ಅವನು ತೆರೆಯಲಿಲ್ಲ.

"ಊರಿಗೆ ಹೋಗಿ ಬಿಂದಿಗೆ ಬಡ್ಕೋ ಹೋಗಪ್ಪ," ಅಂದರು ಗೌಡರು. ಬೈಗುಳವೇ ಅಲ್ಲ, ದಣಿದ ದನಿ. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೋದ ಮೇಲೆ ಅಣ್ಣ ಒಳಗೆ ಹೋಗಿ ಪಂಚೆ, ಕಂಬಳಿ, ಅರಗಿನ ಉಂಡೆ ಗೋಣಿಚೀಲಕ್ಕೆ ಹಾಕಿಕೊಂಡ. ಹಲಗೆಯ ಮುಂದೆ ನಿಂತ. ಸುತ್ತಿಗೆ, ಕೊಡತಿ ಅಲ್ಲೇ ಇದ್ದವು, ಇನ್ನೂ ಎತ್ತುವ ಹಾಗಿರಲಿಲ್ಲ. ನಾಳೆ ಬನ್ನಿ ಹಂಚಿಕೊಂಡು, ಪೂಜೆ ಮುಗಿಸಿಕೊಂಡು ಹೋಗು ಅಂದೆ. ಸಂಜೆಯ ರೈಲಿದೆ ಅಂದ. ನನಗೆ ತಡೆಯಲಾಗಲಿಲ್ಲ. ತಪ್ಪು ಮಾಡಿದವನಿಗೆ ಸಿಟ್ಟು ಹೆಚ್ಚು.

"ಒಂದು ಮಾತು ಆಡ್ಬೋದಿತ್ತಲ್ಲಣ್ಣ. ನಾನೇನು ಬೇಡ ಅಂದಿದ್ನಾ?"

"ಮಾತು ನಂಗೆ ಬಿಡು ಅಂದಿದ್ದೆಯಲ್ಲೋ," ಅಂದ. "ಬಿಟ್ಟೆ."

ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದ. ಸುತ್ತಿಗೆ, ಕೊಡತಿ ನನ್ನ ಹಲಗೆಯ ಮೇಲೇ ಉಳಿದವು.

ಬಸ್ಸುಗಳ ಕೆಲಸ ಗುಮಾಸ್ತನ ಭಾವಮೈದುನನಿಗೆ ಹೋಯಿತು. ಇಂಜಿನ್ ಕೆಲಸ ನನಗೆ ಬಂತು. ಸಂಕ್ರಾಂತಿಯ ಹೊತ್ತಿಗೆ ಬೀರೂರಿನ ವ್ಯಾಪಾರಿ ಗಾಡಿ ತಂದು ಅಡಿಗಲ್ಲು ಹೇರಿಕೊಂಡು ಹೋದನಂತೆ. ಎತ್ತಲು ನಾಲ್ಕು ಜನ ಬೇಕಾಯಿತಂತೆ. ಅಣ್ಣನೂ ಒಂದು ಕೈ ಕೊಟ್ಟನಂತೆ. ಆಮೇಲೆ ಅವನು ಅಜ್ಜಂಪುರ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಮೂಟೆಗಳಿಗೆ ಡಾಂಬರಿನಲ್ಲಿ ಗುರುತು ಹಾಕುವ ಕೆಲಸಕ್ಕೆ ಸೇರಿದ. ರೈಲಿನಲ್ಲಿ ಹೋಗುವಾಗ ಎರಡು ಸಲ ಕಂಡೆ. ಮೊದಲನೇ ಸಲ ಅವನು ನೋಡಲಿಲ್ಲ. ಎರಡನೇ ಸಲ ನಾನು ಆಚೆ ಕಿಟಕಿಗೆ ಹೋಗಿ ಕೂತೆ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಕೂಡಲೇ ಮೂರು ಬಸ್ಸಿನ ಪಟ್ಟಿಗಳೂ ಅಲೆ ಎದ್ದವು. ಬೆಂಗಳೂರಿನವನು ತುದಿಯಿಂದ ತುದಿಗೆ ಬಿಗಿದು ಹೊಡೆದಿದ್ದ, ಥೇಟ್ ನನ್ನ ಹಾಗೆ. ಗೌಡರು ಬಸ್ಸುಗಳನ್ನು ನನ್ನ ಷೆಡ್ಡಿಗೆ ಕಳಿಸಿದರು. ನಾನು ಬಾಗಿಲು ಕಳಚಿ ಮರ ಆರಿಸಿದೆ. ಬಿದಿರಿನ ಬೆಣೆ ಹೊಡೆದೆ. ತೊಗಲು ಹಾಸಿ ನಡುವಿನಿಂದ ತಟ್ಟಿದೆ, ತೂತುಗಳನ್ನು ಕಣ್ಣಿನ ಆಕಾರಕ್ಕೆ ಉಜ್ಜಿದೆ. ತುದಿಗೆ ಅಕ್ಕಿಕಾಳು ಇಟ್ಟು ಸಂದು ಅಳೆದೆ. ಏನೂ ಮರೆತಿರಲಿಲ್ಲ. ಬೇಸರದಿಂದ ನೋಡಿದ್ದು ಅಷ್ಟು ಚೆನ್ನಾಗಿ ನೆನಪಿರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಆ ಬೇಸಿಗೆಯೆಲ್ಲ ಬಸ್ಸುಗಳು ಓಡಿದವು, ಒಂದು ಪಟ್ಟಿಯೂ ಏಳಲಿಲ್ಲ.

ಗೌಡರು ಒಂದು ದಿನ ಬಂದು ಬಾಗಿಲು ನೋಡಿದರು. ಸಂದು ಯಾಕೆ ಅಂತ ಕೇಳಿದರು. ಹೇಳಿದೆ, ಎರಡೇ ಮಾತು. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಇಷ್ಟು ಗೊತ್ತಿದ್ದೋನು ಆವತ್ತು ಅಣ್ಣನ ಕೈಗೆ ಯಾಕೆ ಕೊಟ್ಟೆಯಯ್ಯಾ? ನೀನೇ ಮಾಡ್ಬೇಕಿತ್ತು."

"ಹೌದು ಗೌಡ್ರೇ," ಅಂದೆ.

ಮೊದಲನೇ ಸಲ ಹೇಳಿದ್ದು ಹೆದರಿಕೆಗೆ. ಈ ಸಲ ಹೆದರಿಕೆಯೂ ಇರಲಿಲ್ಲ. ನಿಜ ಹೇಳಿದ್ದರೆ ನನಗೇನೂ ನಷ್ಟವಿರಲಿಲ್ಲ. ಬಾಯಿಗೆ ಅದೇ ಅಭ್ಯಾಸವಾಗಿತ್ತು.

ಅವತ್ತೇ ಅಣ್ಣನ ಸುತ್ತಿಗೆ, ಕೊಡತಿಗಳನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಅಜ್ಜಂಪುರಕ್ಕೆ ಹೋಗುವ ಬಸ್ಸಿನ ಡ್ರೈವರನ ಕೈಯಲ್ಲಿ ಕೊಟ್ಟೆ. ಪಟ್ಟಿ ಕೆಲಸ ಕೈತುಂಬ ಇದೆ, ಬಂದರೆ ಷೆಡ್ಡಿನ ಅರ್ಧ ಅವನದೇ ಅಂತ ಹೇಳಿ ಕಳಿಸಿದೆ. ಮಾರನೇ ದಿನ ಡ್ರೈವರ್ ಆ ಗಂಟನ್ನು ಬಿಚ್ಚದೆ ತಂದು ಹಲಗೆಯ ಮೇಲೆ ಇಟ್ಟ. ಅಣ್ಣ ಗೂಡ್ಸ್ ಷೆಡ್ಡಿನಿಂದ ಎದ್ದು ಬರಲಿಲ್ಲವಂತೆ. ಅತ್ತಿಗೆ ಅಲ್ಲಿಗೆ ಹೋಗಿ ಕೇಳಿಕೊಂಡು ಬಂದು, ಬಾಗಿಲಲ್ಲೇ ನಿಂತು ಅವನ ಮಾತನ್ನು ಹೇಳಿ ಕಳಿಸಿದ್ದಳು.

"ಅದು ಪೂಜೆಗಿಟ್ಟದ್ದಂತೆ. ಎತ್ತೋ ಹೊತ್ತು ಇನ್ನೂ ಬಂದಿಲ್ವಂತೆ, ಹಂಗಂತ ಹೇಳು ಅಂದ್ರು ನಿಮ್ಮಣ್ಣ."

ಹಂಗಂದರೇನು ಸ್ವಾಮಿ ಅಂತ ಡ್ರೈವರ್ ಕೇಳಿದ. ಬಸ್ಸು ತೊಳಿ ಹೋಗು ಅಂದೆ.

ಅಣ್ಣ ತೀರಿಹೋಗಿ ಈಗ ಬಹಳ ಕಾಲವಾಯಿತು. ಗಂಟು ಹಲಗೆಯ ಮೇಲೇ ಇದೆ. ಪ್ರತಿ ನವಮಿಗೆ ಅದರ ಮೇಲೇ ಕುಂಕುಮ ಇಡುತ್ತೇನೆ, ದಶಮಿಗೆ ಎತ್ತುವುದಿಲ್ಲ. ಪಟ್ಟಿ ಕೆಲಸ ಕಲಿಯಲು ಬಂದವರು ತುದಿಯಲ್ಲಿ ಎಷ್ಟು ಬಿಡಬೇಕು ಅಂತ ಕೇಳುತ್ತಾರೆ. ಒಂದು ಅಕ್ಕಿಕಾಳು ಅನ್ನುತ್ತೇನೆ, ಅಡ್ಡಕ್ಕೆ ಇಟ್ಟರೆ ಎಷ್ಟೋ ಅಷ್ಟು. ದಪ್ಪಕ್ಕಿ ಆಗಬೇಕು, ಸಣ್ಣಕ್ಕಿ ಸಾಲದು. ಯಾರು ಹೇಳಿಕೊಟ್ಟರು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.